ಹತ್ತು ಸಾವಿರದ ಗೆರೆ

ಬಡವರ ಆರೋಗ್ಯದ ವಿಷಯದಲ್ಲಿ ತಮಿಳುನಾಡು ಸರ್ಕಾರ ಹಿಂದೆ ಬಿದ್ದಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 2009ರಲ್ಲಿ ಕಲೈಞರ್ ವಿಮಾ ಯೋಜನೆ ಬಂತು. 2012ರಲ್ಲಿ ಅದರ ಸ್ಥಾನಕ್ಕೆ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ಬಂತು. ಕಂತನ್ನು ಸರ್ಕಾರವೇ ಕಟ್ಟುವುದರಿಂದ ಬಡವರಿಗೂ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯಿತು. ಇಲ್ಲಿಯ ರೇಷನ್ ಕಾರ್ಡು, ಆದಾಯದ ಪ್ರಮಾಣಪತ್ರ ಇದ್ದರೆ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಇದು ಶ್ಲಾಘನೀಯ.

ನಮ್ಮ ತಕರಾರು ಆದಾಯದ ಮಿತಿಯ ಬಗ್ಗೆ. ಕುಟುಂಬಕ್ಕೆ ವರ್ಷಕ್ಕೆ 72,000 ರೂಪಾಯಿ ಇದ್ದ ಮಿತಿ 2022ರಲ್ಲಿ 1,20,000ಕ್ಕೆ ಏರಿತು. ತಿಂಗಳಿಗೆ ಲೆಕ್ಕ ಹಾಕಿದರೆ 10,000. ಟಿ. ನಗರದ ಒಂದು ಕೋಣೆಯ ಬಾಡಿಗೆ ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ.

ನಮ್ಮವರಲ್ಲಿ ಮದುವೆ ಮನೆಗಳಿಗೆ ಅಡುಗೆಗೆ ಹೋಗುವವರಿದ್ದಾರೆ, ಪುರೋಹಿತರಿದ್ದಾರೆ, ಮನೆಪಾಠ ಹೇಳುವ ಗೃಹಿಣಿಯರಿದ್ದಾರೆ. ಗಂಡ ಹೆಂಡತಿ ದುಡಿದು ತಿಂಗಳಿಗೆ 15,000 ತಂದರೆ ಅವರು ಗೆರೆಯ ಆಚೆಗೆ. ಹೋಟೆಲು, ಅಂಗಡಿಗಳಲ್ಲಿ ಸಂಬಳಕ್ಕಿರುವವರಿಗೆ 21,000ದವರೆಗೆ ಇ.ಎಸ್.ಐ. ಸೌಲಭ್ಯವುಂಟು, ಧಣಿಯೇ ಇಲ್ಲದವರಿಗೆ ಅದೂ ಇಲ್ಲ. ಖಾಸಗಿ ವಿಮೆಯ ಕಂತು ಕೈಗೆಟುಕದು. ಅತ್ತ ದರಿ, ಇತ್ತ ಪುಲಿ. ಆದಾಯವನ್ನು ಇದ್ದದ್ದಿದ್ದಂತೆ ಬರೆದವನು ಕಾರ್ಡು ಕಳೆದುಕೊಳ್ಳುತ್ತಾನೆ. ಕಡಿಮೆ ಮಾಡಿ ಬರೆದವನು ಪಡೆಯುತ್ತಾನೆ. ಪ್ರಾಮಾಣಿಕರನ್ನು ಸುಳ್ಳಿಗೆ ನೂಕುವ ನಿಯಮ ಒಳ್ಳೆಯ ನಿಯಮವೆ?

ಬೇರೆ ದಾರಿ ಇಲ್ಲವೆಂದಲ್ಲ. ನಮ್ಮ ಕರ್ನಾಟಕದಲ್ಲೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತರು ಮೊದಲು ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರು, ಸರ್ಕಾರವೂ ಕೈಜೋಡಿಸಿತು. 2018ರ ಆರೋಗ್ಯ ಕರ್ನಾಟಕ ಯೋಜನೆ ಬಡತನದ ರೇಖೆಯ ಮೇಲಿನವರನ್ನೂ ಪೂರ್ತಿ ಕೈಬಿಡದೆ, ನಿಗದಿತ ವೆಚ್ಚದ ಶೇಕಡಾ 30ರಷ್ಟನ್ನು ಭರಿಸಲು ಒಪ್ಪಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆ ಆದಾಯವನ್ನೇ ಕೇಳದೆ 5 ಲಕ್ಷದ ವಿಮೆ ಸಾರಿತು. ಕರ್ನಾಟಕದ ಶೇಕಡಾ 30 ಸಾಲದು, ನಿಜ. ಉಳಿದ 70ಕ್ಕೆ ಒಡವೆ ಅಡವಿಡಬೇಕಾದೀತು. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಮೇಲು.

ತಿಂಗಳಿಗೆ 10,000 ದಾಟಿದವರಿಂದ ಅಲ್ಪ ಕಂತು, 20,000 ದಾಟಿದವರಿಂದ ಇನ್ನಷ್ಟು ಪಡೆದು ಇಲ್ಲಿಯೂ ಯೋಜನೆಯನ್ನು ವಿಸ್ತರಿಸಬಹುದು. ನಮ್ಮವರು ಧರ್ಮಕ್ಕೆ ಕೇಳುತ್ತಿಲ್ಲ; ಕೈಲಾದಷ್ಟು ಕೊಟ್ಟು ಸೇರಲು ಅವಕಾಶ ಕೇಳುತ್ತಿದ್ದಾರೆ. ಅಷ್ಟರವರೆಗೆ, ಅರ್ಹತೆಯಿದ್ದೂ ಕಾರ್ಡು ಮಾಡಿಸದ ಬಂಧುಗಳು ಕಾಯಿಲೆ ಬರುವ ಮುನ್ನವೇ ಆ ಕೆಲಸ ಮುಗಿಸಲಿ. ಆಸ್ಪತ್ರೆಯ ಹೊಸ್ತಿಲಲ್ಲಿ ನಿಂತು ಪ್ರಮಾಣಪತ್ರ ಹುಡುಕುವ ಪಾಡು ಯಾರಿಗೂ ಬೇಡ.