ಗುನ್ನ ಇಲ್ಲದ ಬುಗುರಿ

ಕಳೆದ ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆ ಹೋಗೋಕಾಗಲಿಲ್ಲ. ಬೆಂಗಳೂರಿನ ರೂಮಲ್ಲೇ ಕೂತು ಟ್ಯಾಬ್ಲೆಟ್‌ನಲ್ಲಿ ಮಣ್ಣೆತ್ತಿನ ಚಿತ್ರ ಬಿಡಿಸಿದೆ. ಒಂದು ಎತ್ತು ಮುಗೀತು. ಅದನ್ನೇ ಕಾಪಿ ಮಾಡಿ, ಫ್ಲಿಪ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ. ಜೋಡಿ ರೆಡಿ. ಹುಕ್ಕೇರಿಯ ದೊಡ್ಡವ್ವಗೆ ವಾಟ್ಸಾಪ್ ಮಾಡಿದರೆ ತಕ್ಷಣ ಫೋನ್ ಬಂತು.

"ಛಲೋ ಐತಿ ತಮ್ಮಾ. ಆದ್ರ ಎರಡೂ ಎತ್ತಿನ ಮಾರಿ ಒಂದ ಐತೆಲ್ಲೋ? ಒಂದ ಎತ್ತಿಗೆ ಕನ್ನಡಿ ಹಿಡದೀಯೇನು?"

ನಕ್ಕು ಸುಮ್ಮನಾದೆ. ಆದರೆ ನನ್ನ ಚಿತ್ರದ ಬಗ್ಗೆ ಅಷ್ಟು ನೇರವಾದ ವಿಮರ್ಶೆಯನ್ನ ಬೇರೆ ಯಾರೂ ಮಾಡಿರಲಿಲ್ಲ.

ಬಾಲ್ಯದ ಆಟಿಕೆಗಳ ಡಿಜಿಟಲ್ ಚಿತ್ರಗಳನ್ನ ನೀವೂ ನೋಡಿರ್ತೀರಿ. ತಿಳಿ ಹಳದಿ ಹಿನ್ನೆಲೆ, ನಡುವೆ ಒಂದು ಬುಗುರಿಯೋ ಗೋಲಿಯೋ ಚನ್ನಪಟ್ಟಣದ ಕುದುರೆಯೋ, ಕೆಳಗೆ "ನೆನಪಿದೆಯಾ?" ಅಂತ ಒಂದು ಸಾಲು. ಇದನ್ನ ಬರೀ ಹಳಹಳಿಕೆ ಅಂತ ತಳ್ಳಿಹಾಕೋರ ಗುಂಪಿಗೆ ನಾನು ಸೇರಲ್ಲ. ಹಗಲೆಲ್ಲ ಯಾರೋ ಹೇಳಿದ ಕೆಲಸ ಮಾಡಿದವರಿಗೆ, ರಾತ್ರಿ ಯಾರಿಗೂ ಲೆಕ್ಕ ಕೊಡದೆ ಗೀಚೋಕೆ ಒಂದು ಜಾಗ ಬೇಕು. ಇಲ್ಲಿ ಹಾಳೆ ಹಾಳಾಗೋ ಭಯವಿಲ್ಲ, ಡ್ರಾಯಿಂಗ್ ಮಾಸ್ತರರ ಭಯವೂ ಇಲ್ಲ. ಹೀಗೆ ಬಿಡಿಸೋದೇ ಒಂದು ಆಟ. ನನ್ನ ತಕರಾರು ಇರೋದು ಆ ಚಿತ್ರದಲ್ಲಿರೋ ಆಟಿಕೆಯ ಬಗ್ಗೆ. ಅದರ ಜೊತೆ ಯಾರೂ ಆಡಿದಂತೆಯೇ ಕಾಣಲ್ಲ.

ಬುಗುರಿಯನ್ನೇ ತಗೊಳ್ಳಿ. ನಮ್ಮ ಮೂಡಲಗಿಯ ಓಣಿಯಲ್ಲಿ ಸೋತವನ ಬುಗುರಿಯನ್ನ ನೆಲಕ್ಕಿಟ್ಟು, ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಅದಕ್ಕೆ ಗುನ್ನ ಹೊಡೀತಿದ್ದ. ಯಾರು ಎಷ್ಟು ಸಲ ಸೋತಿದ್ದಾರೆ ಅನ್ನೋದನ್ನ ಬುಗುರಿಯ ಮೈ ನೋಡಿಯೇ ಹೇಳಬಹುದಿತ್ತು. ನನ್ನದು ಜರಡಿ ಆಗಿತ್ತು. ಆದರೆ ನಾನು ನೋಡಿದ ಬುಗುರಿ ಚಿತ್ರಗಳಲ್ಲಿ ಒಂದಕ್ಕೂ ಗುನ್ನ ಇಲ್ಲ. ಎಲ್ಲವೂ ಈಗಷ್ಟೇ ಅಂಗಡಿಯಿಂದ ಇಳಿದು ಬಂದ ಹಾಗೆ ಮಿರಮಿರ ಮಿಂಚುತ್ತವೆ.

ಗೋಕಾಕದ ಗೊಂಬೆಗಳ ಕಥೆ ಇನ್ನೂ ತಮಾಷೆ. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲೇ ಇತ್ತು. ಸಂತೆಗೂ ಸಿನಿಮಾಕ್ಕೂ ನಾವು ಗೋಕಾಕಕ್ಕೇ ಹೋಗ್ತಿದ್ದೆವು. ಊರ ಹೊರಗಿನ ಜಲಪಾತದಷ್ಟೇ, ಕರದಂಟಿನಷ್ಟೇ ಅಲ್ಲಿನ ಬಣ್ಣದ ಗೊಂಬೆಗಳಿಗೂ ಹೆಸರಿದೆ. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು, ಕಾಯಿಪಲ್ಲೆಗಳಂತೂ ನಿಜವಾದವೇ ಅನ್ನೋ ಹಾಗಿರುತ್ತವೆ. ಅಂಥ ಕಟ್ಟಿಗೆಯ ಮಾವಿನಹಣ್ಣನ್ನ ನಾನೊಮ್ಮೆ ತುಂಬ ಶ್ರದ್ಧೆಯಿಂದ, ನೆರಳು ಬೆಳಕು ಕೊಟ್ಟು ಬಿಡಿಸಿದೆ. ನೋಡಿದವರೆಲ್ಲ "ವಾವ್, ಮಾವಿನಹಣ್ಣು" ಅಂದರು. ಗೊಂಬೆ ಮಾಯವಾಗಿತ್ತು! ಹಣ್ಣಿನಂತೆ ಕಾಣೋ ಗೊಂಬೆಯನ್ನ ಚೆನ್ನಾಗಿ ಬಿಡಿಸಿದಷ್ಟೂ ಚಿತ್ರದಲ್ಲಿ ಉಳಿಯೋದು ಬರೀ ಹಣ್ಣು. ಅದು ಆಟಿಕೆ ಅಂತ ಹೇಳೋಕೆ ತೊಟ್ಟಿನ ಹತ್ತಿರ ಬಣ್ಣ ಕಿತ್ತು ಕಟ್ಟಿಗೆ ಕಾಣಬೇಕು, ಅಥವಾ ಒಂದು ಮಗುವಿನ ಹಲ್ಲಿನ ಗುರುತು ಇರಬೇಕು.

ನಮ್ಮ ಮನೆಯ ಹಣ್ಣಿಗೆ ಆ ಭಾಗ್ಯವೂ ಇರಲಿಲ್ಲ ಅನ್ನಿ. ಅದು ಶೋಕೇಸಿನ ಗಾಜಿನ ಹಿಂದೆ ಇತ್ತು, ಮುಟ್ಟಿದರೆ ಬೈಗುಳ. ನಮಗೆ ಆಡೋಕೆ ಸಿಕ್ಕಿದ್ದು ಮಣ್ಣು. ಈಗ ನಾವು ಬಿಡಿಸ್ತಿರೋ ಚಿತ್ರಗಳು ಎರಡನೇ ಶೋಕೇಸ್ ಆಗಿಬಿಟ್ಟಿವೆ. ಗಾಜು ಮಾತ್ರ ಟಚ್‌ಸ್ಕ್ರೀನ್.

ಮಣ್ಣೆತ್ತಿಗೆ ಬರೋಣ. ಜ್ಯೇಷ್ಠದ ಅಮಾವಾಸ್ಯೆಗೆ, ಮಳೆಗಾಲದ ಹೊಸ್ತಿಲಲ್ಲಿ, ನಮ್ಮ ಕಡೆ ಮನೆಮನೆಯಲ್ಲೂ ಎತ್ತು ಮಾಡ್ತಾರೆ, ಜೊತೆಗೆ ಮೇವಿಗೊಂದು ಗ್ವಾದಲಿ. ಹಸಿ ಎರೆಮಣ್ಣು ಭಾರ ತಾಳಲ್ಲ, ಕಾಲು ಕುಸಿಯುತ್ತೆ. ಅದಕ್ಕೇ ಮಣ್ಣೆತ್ತಿಗೆ ಕಾಲು ದಪ್ಪ, ಗಿಡ್ಡ. ಆ ಆಕಾರ ಮಣ್ಣೇ ಹೇಳಿಕೊಟ್ಟಿದ್ದು. ಕಲಾವಿದ ಕೆ.ಜಿ. ಸುಬ್ರಮಣ್ಯನ್ ಬರೋಡಾದ ಫೈನ್ ಆರ್ಟ್ಸ್ ಮೇಳಗಳಿಗೆ ಅಂತ ಕಟ್ಟಿಗೆ, ಮಣಿ, ಚರ್ಮಗಳಿಂದ ಆಟಿಕೆ ಮಾಡ್ತಿದ್ದರು. ಅವುಗಳಲ್ಲೂ ಹೀಗೆ ವಸ್ತುವೇ ಪ್ರಾಣಿಯ ಆಕಾರ ನಿರ್ಧರಿಸುತ್ತೆ. ನಮ್ಮ ಪರದೆಯಲ್ಲಿ ಕುಸಿಯೋ ಮಣ್ಣಿಲ್ಲ. ಪ್ರೊಕ್ರಿಯೇಟ್‌ನ ಸ್ಟ್ರೀಮ್‌ಲೈನ್ ನಡುಗೋ ಗೆರೆಯನ್ನ ನಯ ಮಾಡುತ್ತೆ, ಸಿಮೆಟ್ರಿ ಎಡಬಲ ಸರಿದೂಗಿಸುತ್ತೆ, ಉಳಿದ ತಪ್ಪನ್ನ ಅನ್‌ಡೂ ನುಂಗುತ್ತೆ. ತಪ್ಪಾಗೋ ಭಯ ಕಳೆದ ಈ ಸವಲತ್ತುಗಳೇ ತಪ್ಪಿನ ಗುರುತನ್ನೂ ಅಳಿಸಿಬಿಡುತ್ತವೆ.

ಆದರೆ ನಮ್ಮ ಆಟ ಇದ್ದದ್ದೇ ಆ ತಪ್ಪಿನಲ್ಲಿ. ಅಮಾವಾಸ್ಯೆಯ ಮರುದಿನ ಹುಡುಗರೆಲ್ಲ ಮಣ್ಣೆತ್ತು ಹಿಡಿದು ಮನೆಮನೆ ತಿರುಗಿ, ಒಂದೆತ್ತು ಕುಂಟಾಗಿದೆ ಅಂತ ಹಾಡಿ ಜೋಳ ಬೇಡ್ತಿದ್ದೆವು. ಕಾಲು ಮುರಿದ ಎತ್ತಿಗೇ ಜೋಳ! ನನ್ನ ಫ್ಲಿಪ್ ಮಾಡಿದ ಜೋಡಿಗೆ ಲೈಕು ಸಿಕ್ಕಾವು, ಬೊಗಸೆ ಜೋಳ ಯಾರೂ ನೀಡಲಿಕ್ಕಿಲ್ಲ.

ಮರುವಾರ ಮತ್ತೆ ಕೂತೆ. ಸ್ಟ್ರೀಮ್‌ಲೈನ್ ಸೊನ್ನೆಗಿಳಿಸಿದೆ, ಸಿಮೆಟ್ರಿ ಆಫ್ ಮಾಡಿದೆ, ಅನ್‌ಡೂ ಮುಟ್ಟಲ್ಲ ಅಂತ ನನಗೆ ನಾನೇ ಆಣೆ ಹಾಕಿಕೊಂಡೆ. ಎರಡು ಎತ್ತನ್ನೂ ಬೇರೆ ಬೇರೆಯಾಗಿ ಬಿಡಿಸಿದೆ. ಒಂದರ ಕಾಲು ಸೊಟ್ಟ ಬಂತು, ಬಿಟ್ಟೆ. ಒಂದರ ಕೋಡು ಮುರಿದ ಹಾಗಾಯ್ತು, ಅದನ್ನೂ ಬಿಟ್ಟೆ. ತುಂಬಾ ದಿನದ ಮೇಲೆ ಕೈ ನನ್ನ ಮಾತು ಕೇಳದೆ ಆಡ್ತಿತ್ತು.

ದೊಡ್ಡವ್ವಗೆ ಕಳಿಸಿದೆ. "ಈಗ ಜೋಡಿ ಆತ ನೋಡ," ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಎಡಗಡಿದು ಎತ್ತಲ್ಲೋ ತಮ್ಮಾ, ಕ್ವಾಣ."