ಪಂದ್ಯಗಳಿಲ್ಲದ ತಂಡಗಳು: ದಕ್ಷಿಣ ಬೆಂಗಳೂರಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ವೇಳಾಪಟ್ಟಿ

ದಕ್ಷಿಣ ಬೆಂಗಳೂರಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳು ಯಾವಾಗ, ಎಲ್ಲಿ, ಯಾರೊಂದಿಗೆ ಆಡಬೇಕೆಂಬುದು ಕಾಲೇಜು ಎಲ್ಲಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದರಿಂದ ತೀರ್ಮಾನವಾಗುತ್ತದೆ. ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು, ಬನಶಂಕರಿ 2ನೇ ಹಂತದ ಬಿ.ಎನ್.ಎಂ. ತಾಂತ್ರಿಕ ಸಂಸ್ಥೆ, ಕುಮಾರಸ್ವಾಮಿ ಲೇಔಟಿನ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜು ಇವೆಲ್ಲ 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಜೆ.ಪಿ. ನಗರದ ಆರ್.ವಿ. ದಂತ ವೈದ್ಯಕೀಯ ಕಾಲೇಜು, ಬನಶಂಕರಿಯ ಕಿಮ್ಸ್ ಸೇರಿರುವುದು ಜಯನಗರ 4ನೇ 'ಟಿ' ಬ್ಲಾಕಿನಲ್ಲಿ ಕಚೇರಿ ಇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ವಿಜಯಾ ಕಾಲೇಜಿನಂಥ ಪದವಿ ಕಾಲೇಜುಗಳದ್ದು ಬೇರೆಯೇ ವಿಶ್ವವಿದ್ಯಾಲಯದ ದಾರಿ. ಇವುಗಳ ನಡುವೆಯೇ ಜೈನ್, ಕ್ರೈಸ್ಟ್, ಪಿ.ಇ.ಎಸ್. ಎಂಬ ಸಂಸ್ಥೆಗಳು ತಾವೇ ವಿಶ್ವವಿದ್ಯಾಲಯಗಳಾಗಿವೆ; ದಯಾನಂದ ಸಾಗರ್ ಹೆಸರಿನಲ್ಲೂ ಪ್ರತ್ಯೇಕ ವಿಶ್ವವಿದ್ಯಾಲಯವಿದೆ. ನಡೆದುಕೊಂಡು ಹೋಗುವಷ್ಟು ಹತ್ತಿರದಲ್ಲಿರುವ ಎರಡು ಕಾಲೇಜುಗಳು ಅಧಿಕೃತ ಪಂದ್ಯವೊಂದರಲ್ಲಿ ಎಂದೂ ಎದುರಾಗದೇ ಇರಲು ಈ ಹಂಚಿಕೆಯೇ ಕಾರಣ.

ವ್ಯವಸ್ಥೆಯ ಮೆಟ್ಟಿಲುಗಳು ಹೀಗಿವೆ. ಸಂಯೋಜಿತ ಕಾಲೇಜುಗಳು ಮೊದಲು ತಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಯಲ್ಲಿ ಆಡುತ್ತವೆ. ಅಲ್ಲಿ ಕಣ್ಣಿಗೆ ಬಿದ್ದ ಆಟಗಾರರಿಗೆ ಶಿಬಿರ ನಡೆಯುತ್ತದೆ, ಹನ್ನೆರಡು ಮಂದಿಯ ವಿಶ್ವವಿದ್ಯಾಲಯ ತಂಡ ರೂಪುಗೊಳ್ಳುತ್ತದೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿಗೆ ಹೋಗುತ್ತದೆ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿಗಳ ತಂಡಗಳು ಸೇರುವ ಈ ವಲಯದಿಂದ ಮೊದಲ ನಾಲ್ಕು ತಂಡಗಳಿಗೆ ಅಖಿಲ ಭಾರತ ಹಂತದ ಬಾಗಿಲು ತೆರೆಯುತ್ತದೆ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿಗೆ ಮೊದಲ ಮೆಟ್ಟಿಲೇ ಇಲ್ಲ. ಜಯನಗರ 9ನೇ ಬ್ಲಾಕಿನ ಜೈನ್ ವಿಶ್ವವಿದ್ಯಾಲಯದ ತಂಡ ನೇರವಾಗಿ ದಕ್ಷಿಣ ವಲಯಕ್ಕೆ ಹೋದರೆ, ಪಕ್ಕದ ಬಡಾವಣೆಯ ಎಂಜಿನಿಯರಿಂಗ್ ಕಾಲೇಜಿನ ತಂಡಕ್ಕೆ ತಂಡವಾಗಿಯೇ ಅಲ್ಲಿಗೆ ಹೋಗುವ ಅವಕಾಶವಿಲ್ಲ. ಅದರ ಒಬ್ಬಿಬ್ಬರು ಆಟಗಾರರು ಮಾತ್ರ ಬೇರೆ ಅಂಗಿ ತೊಟ್ಟು ಹೋಗಬಹುದು.

ಟೂರ್ನಿಗಳ ಆರಂಭಿಕ ಸುತ್ತುಗಳು ಬಹುತೇಕ ನಾಕೌಟ್. ನಾಕೌಟಿನ ಲೆಕ್ಕ ನಿಷ್ಠುರವಾದದ್ದು. 64 ತಂಡಗಳ ಪಟ್ಟಿಯಲ್ಲಿ ಒಟ್ಟು 63 ಪಂದ್ಯಗಳು ನಡೆಯುತ್ತವೆ. 32 ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಮರಳುತ್ತವೆ, ಇನ್ನು 16 ತಂಡಗಳು ಎರಡು ಪಂದ್ಯ ಆಡಿ. ಅಂದರೆ ಮುಕ್ಕಾಲು ಪಾಲು ತಂಡಗಳಿಗೆ ಇಡೀ ವರ್ಷದ ಅಧಿಕೃತ ಆಟ ಎರಡು ಪಂದ್ಯಗಳನ್ನು ಮೀರುವುದಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಪಂದ್ಯವೆಂದರೆ ಹತ್ತು ನಿಮಿಷಗಳ ನಾಲ್ಕು ಅವಧಿ, ಒಟ್ಟು 40 ನಿಮಿಷ. ಬೆಳಿಗ್ಗೆ ಆರಕ್ಕೆ ಎದ್ದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗ ಅಥವಾ ಹುಡುಗಿಗೆ ಈ 40 ನಿಮಿಷದಲ್ಲಿ ಹತ್ತು ನಿಮಿಷ ಆಡಲು ಸಿಕ್ಕರೆ ಅದೇ ಆ ವರ್ಷದ ಫಲ. ಆರನೆಯ, ಏಳನೆಯ ಆಟಗಾರರಿಗೆ ಅಷ್ಟೂ ಇಲ್ಲ. ಅಭ್ಯಾಸದಲ್ಲಿ ಕಲಿತದ್ದು ಪಂದ್ಯದ ಒತ್ತಡದಲ್ಲಿ ಎಷ್ಟು ನಿಂತಿತು, ಎಲ್ಲಿ ಕುಸಿಯಿತು ಎಂದು ನೋಡಿ, ತಿದ್ದಿಕೊಂಡು, ಮುಂದಿನ ವಾರ ಮತ್ತೆ ಆಡಿದಾಗಲೇ ತಂಡ ಬೆಳೆಯುವುದು. ಮುಂದಿನ ವಾರವೇ ಇಲ್ಲದ ವೇಳಾಪಟ್ಟಿಯಲ್ಲಿ ಈ ಕೆಲಸ ನಡೆಯುವುದಿಲ್ಲ. ಇಂದಿನ ಕ್ರಮದ ಮೂಲ ದೋಷ ಇದೇ: ಅದು ವಿಜೇತರನ್ನು ಬೇಗ ಗುರುತಿಸುತ್ತದೆ, ಆಟಗಾರರನ್ನು ತಯಾರು ಮಾಡುವುದಿಲ್ಲ.

ನಾಕೌಟಿಗೆ ಅದರದ್ದೇ ಆದ ಸಮರ್ಥನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆತಿಥೇಯ ಕಾಲೇಜು ಮೂರು ನಾಲ್ಕು ದಿನಗಳಲ್ಲಿ ಟೂರ್ನಿ ಮುಗಿಸಬಹುದು. ಸೋತ ತಂಡ ಅಂದೇ ಹೊರಡುವುದರಿಂದ ವಸತಿ, ಊಟ, ಭತ್ಯೆಗಳ ಖರ್ಚು ತಗ್ಗುತ್ತದೆ. ಆಯ್ಕೆದಾರರಿಗೆ ಎಲ್ಲ ಆಟಗಾರರು ಒಂದೇ ಕಡೆ ಸಿಗುತ್ತಾರೆ. ಕೊನೆಯ ನಾಲ್ಕು ತಂಡಗಳ ನಡುವೆ ಲೀಗ್ ಆಡಿಸುವ ರೂಢಿಯಂತೂ ನ್ಯಾಯವಾದದ್ದು. ಒಂದು ಕೆಟ್ಟ ದಿನದಿಂದ ಒಳ್ಳೆಯ ತಂಡ ಹೊರಬೀಳುವುದನ್ನು ಅದು ತಡೆಯುತ್ತದೆ. ಆ ರಕ್ಷಣೆ ಬಲಿಷ್ಠರಿಗೆ ಮಾತ್ರ ದೊರೆಯುತ್ತದೆ, ಮಧ್ಯಮ ತಂಡಗಳಿಗೆ ದೊರೆಯುವುದಿಲ್ಲ ಎಂಬುದೇ ಆಕ್ಷೇಪ.

ಪಂದ್ಯಗಳ ಸಂಖ್ಯೆಗಿಂತ ಜಟಿಲವಾದದ್ದು ಅವುಗಳ ಕಾಲ. ಅಂತರ ಕಾಲೇಜು ಟೂರ್ನಿಗಳು ಹೆಚ್ಚಾಗಿ ವರ್ಷದ ಮೊದಲ ಸೆಮಿಸ್ಟರಿನಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಆಗಸ್ಟ್, ಅಕ್ಟೋಬರ್‌ಗಳೂ ಹಿಂದೆ ಬಿದ್ದಿಲ್ಲ. ಕಾಲೇಜುಗಳ ಕೋರ್ಟುಗಳು ಬಹುಪಾಲು ಬಯಲಿನ ಸಿಮೆಂಟ್ ಕೋರ್ಟುಗಳು. ಸಂಜೆ ನಾಲ್ಕರ ಮಳೆಗೆ ಒದ್ದೆಯಾದ ಸಿಮೆಂಟಿನ ಮೇಲೆ ಆಡಿಸುವುದು ಮೊಣಕಾಲು, ಕಣಕಾಲುಗಳ ಜೊತೆ ಚೆಲ್ಲಾಟ. ಆಡಿಸದಿದ್ದರೆ ಪಂದ್ಯ ಮರುದಿನದ ತರಗತಿಗಳ ಮೇಲೆ ಬೀಳುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ಇನ್ನೊಂದು ತೊಡಕೂ ಇದೆ. ಸಿಇಟಿ, ಕಾಮೆಡ್-ಕೆ ಸೀಟು ಹಂಚಿಕೆಯ ಸುತ್ತುಗಳು ಮುಗಿದು ಮೊದಲ ವರ್ಷದ ವಿದ್ಯಾರ್ಥಿಗಳು ಬಂದು ಕೂರುವಷ್ಟರಲ್ಲಿ ತಂಡದ ಆಯ್ಕೆ ಎಷ್ಟೋ ಕಡೆ ಮುಗಿದಿರುತ್ತದೆ. ಪಿಯುಸಿಯಲ್ಲಿ ಜಿಲ್ಲೆಗೋ ರಾಜ್ಯಕ್ಕೋ ಆಡಿ ಬಂದವರು ಮೊದಲ ವರ್ಷವನ್ನು ಹೊರಗೆ ನಿಂತು ಕಳೆಯುತ್ತಾರೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಕಾಲು ಭಾಗ ಹೀಗೆ ಹೋಗುತ್ತದೆ.

ವಲಯ ಮಟ್ಟದ ಟೂರ್ನಿಗಳು ವರ್ಷಾಂತ್ಯದ ಆಸುಪಾಸಿಗೆ ಬಂದಾಗ ಸೆಮಿಸ್ಟರ್ ಪರೀಕ್ಷೆಗಳೂ ಅದೇ ಹೊತ್ತಿಗೆ ಬರುತ್ತವೆ. ಇದರ ಮೇಲೆ 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಸೇರಿಕೊಂಡಿದೆ. ಮೊದಲ ಕೂಟ ಭುವನೇಶ್ವರದಲ್ಲಿ 2020ರ ಫೆಬ್ರುವರಿ–ಮಾರ್ಚ್‌ನಲ್ಲಿ ನಡೆಯಿತು. ಎರಡನೆಯದು ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಬೆಂಗಳೂರಿನಲ್ಲಿ, 2022ರ ಏಪ್ರಿಲ್ 24ರಿಂದ ಮೇ 3ರವರೆಗೆ. ಮೂರನೆಯದು ಉತ್ತರ ಪ್ರದೇಶದಲ್ಲಿ 2023ರ ಮೇ–ಜೂನ್‌ನಲ್ಲಿ, ನಾಲ್ಕನೆಯದು ಈಶಾನ್ಯದಲ್ಲಿ 2024ರ ಫೆಬ್ರುವರಿಯಲ್ಲಿ, ಐದನೆಯದು ರಾಜಸ್ಥಾನದಲ್ಲಿ 2025ರ ನವೆಂಬರ್–ಡಿಸೆಂಬರ್‌ನಲ್ಲಿ. ಐದು ಕೂಟಗಳಿಗೆ ನಿಶ್ಚಿತವಾದ ಒಂದು ಋತುವೇ ಇಲ್ಲ. ವಿಶ್ವವಿದ್ಯಾಲಯಗಳಿಗೆ ಹಣ, ಗಮನ, ಗೌರವ ತಂದುಕೊಟ್ಟ ಕೂಟ ಇದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೇಲಿನ ಹಂತದ ದಿನಾಂಕ ಹೀಗೆ ಅಲೆದಾಡಿದಾಗ ಕೆಳಗಿನ ಎಲ್ಲ ಹಂತಗಳ ದಿನಾಂಕಗಳೂ ಅಲುಗಾಡುತ್ತವೆ. ಕೊನೆಯ ಗಳಿಗೆಯಲ್ಲಿ ಬಂದ ಸುತ್ತೋಲೆ ಹಿಡಿದು ರೈಲಿನ ಟಿಕೆಟ್, ಪ್ರಾಂಶುಪಾಲರ ಅನುಮತಿ, ಇಂಟರ್ನಲ್ಸ್ ಮುಂದೂಡಿಕೆ ಮೂರನ್ನೂ ಹೊಂದಿಸುವ ಹೊರೆ ದೈಹಿಕ ಶಿಕ್ಷಣ ನಿರ್ದೇಶಕರ ಮೇಲೆ ಬೀಳುತ್ತದೆ. ಪೂರ್ಣಾವಧಿ ತರಬೇತುದಾರರು, ಮ್ಯಾನೇಜರ್ ಇರುವ ದೊಡ್ಡ ಸಂಸ್ಥೆಗಳು ಇದನ್ನು ನಿಭಾಯಿಸುತ್ತವೆ. ಒಬ್ಬರೇ ನಿರ್ದೇಶಕರು ಕಬಡ್ಡಿಯಿಂದ ಚೆಸ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಕಾಲೇಜಿನಲ್ಲಿ ತಂಡ ಕಳುಹಿಸದೇ ಬಿಡುವುದೇ ಸುಲಭವಾಗಿಬಿಡುತ್ತದೆ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 'ಮಿಡ್-ಮೇಜರ್' ಎಂದು ಕರೆಸಿಕೊಳ್ಳುವ ಮಧ್ಯಮ ಸ್ತರದ ತಂಡಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಪಂದ್ಯಗಳಿಗೆ ಬರವಿಲ್ಲ. ಒಂದು ಋತುವಿನಲ್ಲಿ ಒಂದು ತಂಡ ಸುಮಾರು 30 ಪಂದ್ಯ ಆಡುತ್ತದೆ. ಬರ ಇರುವುದು ಒಳ್ಳೆಯ ಎದುರಾಳಿಗಳಿಗೆ. 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ಸಮಿತಿ ತಂಡಗಳನ್ನು ಆರಿಸುವಾಗ ಯಾರನ್ನು, ಎಲ್ಲಿ ಸೋಲಿಸಲಾಯಿತು ಎಂಬುದನ್ನು ತೂಗುತ್ತದೆ. 2018–19ರಿಂದ 'ನೆಟ್' ಎಂಬ ಶ್ರೇಯಾಂಕ ಅದಕ್ಕೆ ಆಧಾರ. ದೊಡ್ಡ ತಂಡಕ್ಕೆ ಮಧ್ಯಮ ತಂಡದ ಊರಿಗೆ ಹೋಗಿ ಆಡುವುದರಿಂದ ಗೆದ್ದರೆ ಲಾಭ ಕಡಿಮೆ, ಸೋತರೆ ನಷ್ಟ ಹೆಚ್ಚು. ಹಾಗಾಗಿ ಅದು ಹಣ ಕೊಟ್ಟು ಸಣ್ಣ ತಂಡಗಳನ್ನು ತನ್ನೂರಿಗೆ ಕರೆಸಿಕೊಳ್ಳುತ್ತದೆ, ನಿಜವಾಗಿ ಸೋಲಿಸಬಲ್ಲವರನ್ನು ದೂರವಿಡುತ್ತದೆ. 2024ರಲ್ಲಿ ಇಂಡಿಯಾನಾ ಸ್ಟೇಟ್ ತಂಡ ಶ್ರೇಯಾಂಕದ ಮೊದಲ 30ರೊಳಗಿದ್ದರೂ ಟೂರ್ನಿಗೆ ಆಯ್ಕೆಯಾಗಲಿಲ್ಲ. ಹಾಗಿದ್ದೂ ಅಲ್ಲಿನ ಮಧ್ಯಮ ತಂಡಕ್ಕೆ ಒಂದು ಭದ್ರ ನೆಲೆಯಿದೆ: ಅದರ ಕಾನ್ಫರೆನ್ಸ್. ತನ್ನ ಮಟ್ಟದ ತಂಡಗಳೊಂದಿಗೆ ತನ್ನೂರಲ್ಲೂ ಅವರೂರಲ್ಲೂ ನಿಗದಿಯಾದ ದಿನ ಆಡುವ ಪಂದ್ಯಗಳನ್ನು ಯಾರೂ ಕಸಿಯಲಾರರು. ಬೆಂಗಳೂರಿನ ಆಟಗಾರ್ತಿ ಸಂಜನಾ ರಮೇಶ್ 2019ರಲ್ಲಿ ಸೇರಿದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ್ದು ಇಂಥದೇ ಒಂದು ಮಧ್ಯಮ ತಂಡ. ಬಿಗ್ ಸ್ಕೈ ಕಾನ್ಫರೆನ್ಸ್‌ಗೆ ಸೇರಿದ್ದು. ಅಲ್ಲಿನ ತಂಡಕ್ಕೆ ಒಂದು ಋತುವಿನಲ್ಲಿ ಸಿಗುವಷ್ಟು ಪಂದ್ಯ ಬೆಂಗಳೂರಿನ ಸಾಧಾರಣ ಕಾಲೇಜು ತಂಡಕ್ಕೆ ಪದವಿಯ ಎಲ್ಲ ವರ್ಷಗಳನ್ನು ಕೂಡಿಸಿದರೂ ಸಿಗುವುದು ಕಷ್ಟ.

ಅಧಿಕೃತ ಪಂದ್ಯಗಳ ಕೊರತೆಯನ್ನು ಕಾಲೇಜು ಉತ್ಸವಗಳ ಆಹ್ವಾನಿತ ಟೂರ್ನಿಗಳು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಅಲ್ಲಿಯೂ ನಾಕೌಟೇ ರೂಢಿ. ಹೆಸರಿರುವ ತಂಡಗಳಿಗೆ ಆಹ್ವಾನ ಮೊದಲು, ಬಹುಮಾನದ ಹಣವೂ ಬಹುತೇಕ ಅವುಗಳಿಗೇ. ಕ್ಲಬ್ಬುಗಳಲ್ಲಿ ಆಡುವವರಿಗೆ ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಟೂರ್ನಿಗಳಿವೆ. ಆದರೆ ಕ್ಲಬ್ಬಿಗೆ ಸೇರುವಷ್ಟು ಪಳಗಿದವರಿಗೆ ಮಾತ್ರ ಅದು ದಾರಿ. ಕಂಠೀರವ ಒಳಾಂಗಣ ಕ್ರೀಡಾಂಗಣವಿರುವ ಇದೇ ನಗರ 2017 ಮತ್ತು 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಸಿದೆ; 2017ರಲ್ಲಿ ಭಾರತ ಇಲ್ಲಿಯೇ 'ಬಿ' ವಿಭಾಗದ ಪ್ರಶಸ್ತಿ ಗೆದ್ದಿತು. ಖಂಡದ ಟೂರ್ನಿ ನಡೆಸಬಲ್ಲ ಊರಿಗೆ ತನ್ನ ಕಾಲೇಜುಗಳ ನಡುವೆ ಏಳು ವಾರಗಳ ಲೀಗ್ ನಡೆಸುವುದು ಶಕ್ತಿ ಮೀರಿದ ಕೆಲಸವೇನಲ್ಲ.

ಅಂಥ ಲೀಗಿಗೆ ವಿಶ್ವವಿದ್ಯಾಲಯದ ಗಡಿಗಿಂತ ಬಡಾವಣೆಯ ಗಡಿ ಹೆಚ್ಚು ಸೂಕ್ತ. ಬಸವನಗುಡಿ, ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಎಂಟು ಕಾಲೇಜುಗಳು ಸೇರಿದರೆ ಪ್ರತಿ ತಂಡಕ್ಕೆ ಏಳು ಪಂದ್ಯ, ಒಟ್ಟು 28. ವಾರಕ್ಕೊಂದು ಸುತ್ತು, ಸುತ್ತಿಗೆ ನಾಲ್ಕು ಪಂದ್ಯ, ಎರಡು ಕೋರ್ಟುಗಳಲ್ಲಿ ಎರಡೆರಡು. ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಸೆಮಿಸ್ಟರಿನ ಪರೀಕ್ಷೆಗಳು ಮುಗಿದ ನಂತರದ ಫೆಬ್ರುವರಿ–ಮಾರ್ಚ್ ಇದಕ್ಕೆ ತಕ್ಕ ಕಾಲ: ಮಳೆಯಿಲ್ಲ, ಮೊದಲ ವರ್ಷದವರು ಬಂದಿರುತ್ತಾರೆ. ಆ ಹೊತ್ತಿಗೆ ವಿಶ್ವವಿದ್ಯಾಲಯ ತಂಡಗಳ ಆಯ್ಕೆ ಮುಗಿದಿರುವುದರಿಂದ ಅಂತಿಮ ವರ್ಷದವರಿಗೆ ಇದರಿಂದ ಆಯ್ಕೆಯ ಲಾಭವಿಲ್ಲ ಎಂಬುದು ನಿಜವಾದ ಕೊರತೆ. ಉಳಿದವರ ಆಟದ ದಾಖಲೆ ಮಾತ್ರ ಮುಂದಿನ ಆಗಸ್ಟಿನ ಆಯ್ಕೆದಾರರ ಕೈಗೆ ಸಿಗುತ್ತದೆ. ಒಂದು ಪಂದ್ಯ ನೋಡಿ ಹನ್ನೆರಡು ಮಂದಿಯನ್ನು ಆರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಯಾಣ ಇಂದು ಹಿಂದಿನಷ್ಟು ದೊಡ್ಡ ಅಡ್ಡಿಯಲ್ಲ. ಹಸಿರು ಮಾರ್ಗದ ಮೆಟ್ರೊ ನ್ಯಾಷನಲ್ ಕಾಲೇಜು, ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದೆ. 2025ರ ಆಗಸ್ಟ್ 10ರಂದು ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು ರಾಗಿಗುಡ್ಡ, ಬಿ.ಟಿ.ಎಂ. ಲೇಔಟ್, ಸಿಲ್ಕ್ ಬೋರ್ಡ್ ಮೂಲಕ ಬೊಮ್ಮಸಂದ್ರದತ್ತ ಸಾಗುತ್ತದೆ. ಹನ್ನೆರಡು ಮಂದಿ ಚೀಲ ಹೊತ್ತು ರೈಲು ಹತ್ತಿದರೆ ಬಸ್ ಬಾಡಿಗೆಯೂ ಉಳಿಯುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕಾಯುವಿಕೆಯೂ ತಪ್ಪುತ್ತದೆ.

ಹಾಜರಾತಿಯ ಪ್ರಶ್ನೆಯೂ ವಾರಾಂತ್ಯದ ಲೀಗಿನಲ್ಲಿ ಹಗುರಾಗುತ್ತದೆ. ಟೂರ್ನಿಗೆ ಹೋದ ದಿನಗಳಿಗೆ ಒ.ಡಿ. (ಆನ್ ಡ್ಯೂಟಿ) ಹಾಜರಾತಿ ಕೊಡುವ ಏರ್ಪಾಡು ಇದ್ದರೂ ತಪ್ಪಿದ ಲ್ಯಾಬ್ ಮತ್ತು ಪಾಠ ಮರಳುವುದಿಲ್ಲ. ಮಧ್ಯಮ ತಂಡದ ಆಟಗಾರರಲ್ಲಿ ಹೆಚ್ಚಿನವರು ಕ್ರೀಡಾ ಕೋಟಾದಲ್ಲಲ್ಲ, ಅಂಕಗಳ ಮೇಲೆ ಸೀಟು ಪಡೆದವರು, ಓದಿಯೇ ಕೆಲಸ ಹಿಡಿಯಬೇಕಾದವರು. ಕ್ರೀಡಾಪಟುಗಳನ್ನು ನೇಮಿಸಿಕೊಂಡು ಬಲವಾದ ತಂಡ ಕಟ್ಟಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಬಳಿಕ ಆಟವನ್ನೇ ನಂಬಿ ನಡೆಯುವುದು ಈ ಊರಿನಲ್ಲಿ ಇನ್ನಷ್ಟು ಕಷ್ಟದ ನಿರ್ಧಾರ.

ಮಹಿಳಾ ತಂಡಗಳ ವಿಷಯದಲ್ಲಿ ವೇಳೆಯ ಆಯ್ಕೆ ಇನ್ನೂ ಮುಖ್ಯ. ಪುರುಷರ ಪಂದ್ಯಗಳ ನಂತರ, ಕತ್ತಲಾದ ಮೇಲೆ ಮಹಿಳೆಯರ ಪಂದ್ಯ ಇಟ್ಟರೆ ಮನೆಯವರ ಒಪ್ಪಿಗೆ ಸಿಗದೆ ತಂಡವೇ ತೆಳುವಾಗುತ್ತದೆ. ಶನಿವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಮಹಿಳೆಯರ ಸುತ್ತು, ಭಾನುವಾರ ಅದೇ ವೇಳೆಗೆ ಪುರುಷರ ಸುತ್ತು ಎಂದು ಹಂಚಿದರೆ ಎರಡೂ ಹಗಲಿನಲ್ಲೇ ಮುಗಿಯುತ್ತವೆ, ಫ್ಲಡ್‌ಲೈಟ್ ಇಲ್ಲದ ಕೋರ್ಟುಗಳೂ ಆತಿಥ್ಯ ವಹಿಸಬಹುದು. ಅಂಕಪಟ್ಟಿ, ಗಡಿಯಾರಗಳನ್ನು ಆ ದಿನ ಆಡದ ವಿದ್ಯಾರ್ಥಿಗಳು ನೋಡಿಕೊಂಡರೆ ದೊಡ್ಡ ಖರ್ಚಾಗಿ ಉಳಿಯುವುದು ರೆಫರಿಗಳ ಸಂಭಾವನೆ ಮಾತ್ರ. 56 ಪಂದ್ಯಗಳ ಆ ಮೊತ್ತವನ್ನು ಎಂಟು ಕಾಲೇಜುಗಳು ಸಮನಾಗಿ ಹಂಚಿಕೊಳ್ಳಬೇಕಾಗುತ್ತದೆ.