ಒಂದು ಹಾಳೆ, ಒಂದು ಲಕೋಟೆ

ಮೃಗಶಿರೆಯ ಮಳೆ ಹಿಡಿದು ಆರ್ದ್ರೆಗೆ ಕಾಲಿಡುವಷ್ಟರಲ್ಲಿ ನಮ್ಮ ಹಿರೇಗುತ್ತಿಯ ಮನೆಗಳಲ್ಲಿ ಲಕೋಟೆಗಳು ಒಳಗೆ ಕಾಗದವಿಲ್ಲದೆಯೇ ತಮ್ಮಷ್ಟಕ್ಕೆ ತಾವು ಮುಚ್ಚಿಕೊಂಡುಬಿಡುತ್ತವೆ. ಒಂದು ಮಗ್ಗುಲಿಗೆ ಅಘನಾಶಿನಿಯ ಅಳಿವೆ, ಅದರಂಚಿಗೆ ಉಬ್ಬರದ ಉಪ್ಪುನೀರನ್ನು ಸಹಿಸಿಯೂ ಕಗ್ಗದ ಬತ್ತವನ್ನು ಬೆಳೆಯಬಲ್ಲ ಗಜನಿ, ಅನತಿದೂರದಲ್ಲಿ ಸಾಣಿಕಟ್ಟಾದ ಉಪ್ಪಿನಾಗರ, ಅದರಾಚೆಗೆ ಕಡಲು. ಇವುಗಳ ನಡುವೆ ಬಾಳುವ ನಮಗೆ ಆಷಾಢದ ತೇವವು ಗೋಡೆ, ಬಟ್ಟೆ, ಪುಸ್ತಕವೆಂಬ ಭೇದವಿಲ್ಲದೆ ಸಮಸ್ತವನ್ನೂ ವ್ಯಾಪಿಸುವ ತತ್ತ್ವವಾಗಿರುವುದರಿಂದ, ಬರಹದ ಸಾಮಗ್ರಿಗಳನ್ನು ಕುರಿತ ಈ ಅಂಕಣದಲ್ಲಿ ಇಂದು ಪರಿಶೀಲನೆಗೆ ಎತ್ತಿಕೊಂಡಿರುವ ವಸ್ತುವನ್ನೂ ಮೊದಲು ಮಳೆಗಾಲದ ಒರೆಗಲ್ಲಿಗೆ ಉಜ್ಜಿ ನೋಡುವುದೇ ಯುಕ್ತವೆಂದು ತೋರುತ್ತದೆ.

ಆ ವಸ್ತು ಯಾವುದೆಂದರೆ, ಮೇಜಿನ ಮೇಲೆ ಕುಳಿತು, ಹಿಡಿಕೆಯನ್ನು ಒತ್ತಿದಾಗ ಬರೆಯುವ ಹಾಳೆಯೊಂದನ್ನೂ ಅದಕ್ಕೊಪ್ಪುವ ಲಕೋಟೆಯೊಂದನ್ನೂ ಹೊರಚಾಚಿ ಕೊಡುವ ಯಂತ್ರಪೆಟ್ಟಿಗೆ. ಇಂತಹ ಸಣ್ಣ ಕೆಲಸಕ್ಕೆ ಯಂತ್ರವೇಕೆಂದು ಕೇಳುವವರು ಉಂಟು. ಕಾಗದ ಬರೆಯಬೇಕೆಂಬ ಮನಸ್ಸು ಹುಟ್ಟುವುದಕ್ಕೂ ಮೊದಲ ಅಕ್ಷರ ಮೂಡುವುದಕ್ಕೂ ನಡುವಣ ಅವಕಾಶದಲ್ಲಿ ಎಷ್ಟು ಕಾಗದಗಳು ಹುಟ್ಟದೆಯೇ ಅಳಿದುಹೋಗಿವೆಯೆಂಬುದನ್ನು ಬಲ್ಲವರು ಆ ಪ್ರಶ್ನೆಯನ್ನು ಕೇಳಲಾರರು. ಹಾಳೆ ಒಂದು ಕೋಣೆಯಲ್ಲಿ, ಲಕೋಟೆ ಮತ್ತೊಂದು ಖಾನೆಯಲ್ಲಿ, ಸಿಕ್ಕಿದ ಲಕೋಟೆಗೆ ಹಾಳೆ ದೊಡ್ಡದು, ಸಿಕ್ಕಿದ ಹಾಳೆಗೆ ಮಗುವಿನ ಲೆಕ್ಕದ ಗುರುತು. ಇವುಗಳನ್ನು ಹೊಂದಿಸುವಷ್ಟರಲ್ಲಿ ಮುಂಬಯಿಯ ಅಣ್ಣನಿಗೆ ಬರೆಯಬೇಕೆಂದಿದ್ದ ಮಾತು ನಾಳೆಗೆ ಉಳಿದು, ನಾಳೆಯ ಮಾತು ದೀಪಾವಳಿಗೆ ಉಳಿಯುತ್ತದೆ. ಹಾಳೆಯೂ ಲಕೋಟೆಯೂ ಒಂದೇ ಒತ್ತಿಗೆ ಜೊತೆಯಾಗಿ ಕೈಗೆ ಬಂದಾಗ, ಮೊದಲು ವಿಳಾಸವನ್ನು ಬರೆದುಬಿಡಬಹುದು. ವಿಳಾಸ ಬರೆದ ಲಕೋಟೆ ಎದುರಿಗಿರುವಾಗ ಕಾಗದವನ್ನು ಬರೆಯದೆ ಏಳುವುದು ಕಷ್ಟ. ಈ ಉಪಕಾರಕ್ಕಾಗಿಯೇ ನಾನು ಈ ಪೆಟ್ಟಿಗೆಯ ಪಕ್ಷಪಾತಿ.

ಲಕೋಟೆಯೆಂಬುದು ಹಾಳೆಯ ಸಹಚರನಾದದ್ದು ಅಷ್ಟೇನೂ ಪ್ರಾಚೀನ ಕಾಲದಲ್ಲಲ್ಲ. 1840ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಅಂಚೆಯ ಶುಲ್ಕವನ್ನು ಹಾಳೆಗಳ ಸಂಖ್ಯೆಯ ಮೇಲೂ ದೂರದ ಮೇಲೂ ಎಣಿಸುತ್ತಿದ್ದುದರಿಂದ, ಹೊದಿಕೆಯನ್ನೂ ಒಂದು ಹಾಳೆಯೆಂದೇ ಗಣಿಸಲಾಗುತ್ತಿತ್ತು. ಆದಕಾರಣ ಜನ ಬರೆದ ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಬೆನ್ನ ಮೇಲೆ ವಿಳಾಸ ಬರೆದು ಕಳುಹುತ್ತಿದ್ದರು. ರೋಲಂಡ್ ಹಿಲ್ಲನ ಸುಧಾರಣೆಯಿಂದ ಆ ವರ್ಷ ಶುಲ್ಕವು ತೂಕಕ್ಕೆ ತಿರುಗಿತು, ಲಕೋಟೆಗೆ ಬಿಡುಗಡೆಯಾಯಿತು. ಐದೇ ವರ್ಷಗಳಲ್ಲಿ, ಎಂದರೆ 1845ರಲ್ಲಿ, ಅವನ ಅಣ್ಣ ಎಡ್ವಿನ್ ಹಿಲ್ಲನೂ ವಾರೆನ್ ಡಿ ಲಾ ರೂ ಎಂಬಾತನೂ ಲಕೋಟೆ ಮಡಿಸುವ ಯಂತ್ರಕ್ಕೆ ಪೇಟೆಂಟು ಪಡೆದರು. ನಮ್ಮ ದೇಶದಲ್ಲಿ 1854ರ ಅಂಚೆ ಕಾಯಿದೆಯಿಂದ ದೂರದ ಗಣನೆ ತಪ್ಪಿ, ಕಾಲು ತೊಲೆಯ ಕಾಗದಕ್ಕೆ ಅರ್ಧಾಣೆಯೆಂದು ನಿಗದಿಯಾಯಿತು. ಕಾಲು ತೊಲೆಯೆಂದರೆ ಮೂರು ಗ್ರಾಮಿಗೂ ಕೊಂಚ ಕಡಿಮೆ. ಇಂದಿನ ಸಾಧಾರಣ ಲಕೋಟೆಯೊಂದು ಬರಿದಾಗಿದ್ದರೂ ಅದಕ್ಕಿಂತ ಭಾರ ತೂಗುವುದರಿಂದ, ಅರ್ಧಾಣೆಯಲ್ಲಿ ಮುಗಿಸಬೇಕೆಂಬ ವರ್ತಕನಿಗೆ ತೆಳುವಾದ ಹಾಳೆಯನ್ನೇ ಮಡಿಸಿ ಕಳುಹದೆ ಗತ್ಯಂತರವಿರಲಿಲ್ಲ.

ಆ ವರ್ತಕರು ನಮ್ಮ ಕುಮಟೆಯಲ್ಲಿಯೇ ಬಹಳ ಮಂದಿ ಇದ್ದರು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಧಾರವಾಡದ ಬಯಲಿನ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದು, ಒಳನಾಡಿನಲ್ಲಿ ಬೆಳೆದ ಆ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹೆಸರೇ ನಿಂತಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನ ಆಧಿಪತ್ಯದಿಂದ ಮುಂಬಯಿಯ ಆಧಿಪತ್ಯಕ್ಕೆ ಸೇರಿದ್ದರಿಂದ ವ್ಯವಹಾರದ ಮುಖವೂ ಅತ್ತ ತಿರುಗಿತು. ಈ ವರ್ತಕರಂತೆ ನೆಲದ ಮೇಲೆ ಗಾದಿ ಹಾಕಿ, ಇಳಿಜಾರು ಮುಚ್ಚಳದ ಡೆಸ್ಕನ್ನು ಎದುರಿಗಿಟ್ಟುಕೊಂಡು ಬರೆಯುವ ಪದ್ಧತಿಯಲ್ಲಿ ಮುಚ್ಚಳವೇ ಮೇಜು, ಒಡಲೇ ಕಾಗದದ ಭಂಡಾರ. ಬರೆಯುವುದನ್ನು ನಿಲ್ಲಿಸದೆ ಹೊಸ ಹಾಳೆಯನ್ನು ತೆಗೆಯಲಾಗದೆಂಬ ಒಂದೇ ದೋಷವನ್ನು ಬಿಟ್ಟರೆ ಅದು ಸರ್ವಾಂಗಸುಂದರವಾದ ಉಪಕರಣವೆಂದೇ ನನ್ನ ಅಭಿಪ್ರಾಯ.

ಇದೇ ಕರಾವಳಿಯ ಕುಮಟೆ, ಹೊನ್ನಾವರಗಳಲ್ಲಿಯೂ ಘಟ್ಟದ ಮೇಲಿನ ಸಿರ್ಸಿ, ಸಾಗರ, ಸೊರಬಗಳಲ್ಲಿಯೂ ಗುಡಿಗಾರರು ಶ್ರೀಗಂಧದ ಪೆಟ್ಟಿಗೆಗಳನ್ನು ಕೆತ್ತುತ್ತ ಬಂದಿದ್ದಾರೆ. ದೇವರ ಮಂಟಪವನ್ನೂ ತೇರನ್ನೂ ಕೆತ್ತಿದ ಆ ಕೈಗಳು ದೊರೆಗಳ ಮೇಜಿಗಾಗಿ ಕಾಗದದ ಪೆಟ್ಟಿಗೆಗಳನ್ನೂ ಮಾಡಿದವು: ಹಿಂದೆ ಎತ್ತರದ ಖಾನೆಯಲ್ಲಿ ಹಾಳೆ, ಮುಂದೆ ತಗ್ಗಿನ ಖಾನೆಯಲ್ಲಿ ಲಕೋಟೆ, ಎಲ್ಲವೂ ಮೆಟ್ಟಿಲಾಗಿ ಇಳಿದು ಬರುವುದರಿಂದ ಒಂದೊಂದರ ಅಂಚೂ ಕಣ್ಣಿಗೆ ಕಾಣುವಂತೆ, ಬೆರಳಿಗೆ ಎಟುಕುವಂತೆ ಇರುತ್ತಿತ್ತು. ಹೊರಮೈಯಲ್ಲಿ ಬಳ್ಳಿ, ಹೂವು, ಪಕ್ಷಿ, ದೇವತೆಗಳ ದಟ್ಟವಾದ ಚಿತ್ತಾರ. ಗಂಧದ ಎಣ್ಣೆಯ ವಾಸನೆಗೆ ಹುಳುಹುಪ್ಪಟೆ ಸುಳಿಯದೆಂಬುದು ಕೆತ್ತನೆಗಿಂತಲೂ ಮಿಗಿಲಾದ ಗುಣ. ವರಲೆಯ ನಾಡಿನಲ್ಲಿ ಕಾಗದಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಸಿಕ್ಕದು. ಯಂತ್ರವೆಂಬುದು ಅದರೊಳಗೆ ಇಲ್ಲ. ಆದರೂ ಯಂತ್ರಪೆಟ್ಟಿಗೆಯನ್ನು ರಚಿಸುವವನು ಮೊದಲು ಕಲಿಯಬೇಕಾದ ಪಾಠವೆಲ್ಲವೂ ಅದರಲ್ಲಿದೆ. ಹಾಳೆಗೂ ಲಕೋಟೆಗೂ ಬೇರೆಬೇರೆ ಸ್ಥಾನ, ಎರಡೂ ಒಂದೇ ದಿಕ್ಕಿಗೆ ಮುಖ.

ಇನ್ನು ಯಂತ್ರದ ಒಳಗನ್ನು ನೋಡೋಣ. ಇದರ ಧರ್ಮವೆಲ್ಲ ಒಂದೇ ಸೂತ್ರದಲ್ಲಿ ಅಡಗಿದೆ: ಒಂದನ್ನು ಕೊಡಬೇಕು, ಎರಡನ್ನು ಕೊಡಬಾರದು. ಹಾಳೆಗಳ ಕಟ್ಟನ್ನು ಕೆಳಗಿನಿಂದ ಸ್ಪ್ರಿಂಗಿನ ಹಲಗೆಯೊಂದು ಮೇಲಕ್ಕೆ ಒತ್ತುತ್ತದೆ. ಮೇಲೆ ರಬ್ಬರಿನ ಉರುಳೆಯೊಂದು ಹಿಡಿಕೆಯ ಒತ್ತಿಗೆ ಅರ್ಧ ಸುತ್ತು ತಿರುಗಿ ಮೇಲಣ ಹಾಳೆಯನ್ನು ಮುಂದಕ್ಕೆ ನೂಕುತ್ತದೆ. ರಬ್ಬರಿಗೂ ಕಾಗದಕ್ಕೂ ನಡುವಣ ಘರ್ಷಣೆಯು ಕಾಗದಕ್ಕೂ ಕಾಗದಕ್ಕೂ ನಡುವಣ ಘರ್ಷಣೆಗಿಂತ ಅಧಿಕವಾಗಿರುವವರೆಗೆ ಮೇಲಣ ಹಾಳೆ ಹೊರಡುತ್ತದೆ, ಎರಡನೆಯದು ಉಳಿಯುತ್ತದೆ; ಉಳಿಯಲೊಲ್ಲದ ಎರಡನೆಯದನ್ನು ತಡೆಯಲು ಮುಂದಣ ಮೂಲೆಗಳಲ್ಲಿ ಎರಡು ತಗಡಿನ ಕೊಕ್ಕೆಗಳಿರುತ್ತವೆ. ಮೇಲಣ ಹಾಳೆ ಉರುಳೆಯ ಬಲದಿಂದ ಮಧ್ಯದಲ್ಲಿ ಕಮಾನಾಗಿ ಬಾಗಿ, ತನ್ನ ಮೂಲೆಗಳನ್ನು ಕೊಕ್ಕೆಯಿಂದ ತಾನೇ ಬಿಡಿಸಿಕೊಂಡು ಜಾರುವ ಆ ಕ್ಷಣವೇ ಈ ಯಂತ್ರದ ಸೊಗಸು. ಶಾಲೆಯ ಕಚೇರಿಗಳಲ್ಲಿ ಪ್ರಶ್ನಪತ್ರಿಕೆಗಳನ್ನು ತಿರುಗಿಸುತ್ತಿದ್ದ ಸೈಕ್ಲೋಸ್ಟೈಲಿನ ಬಳಿ ನಿಂತು ನೋಡಿದವರಿಗೆ ಉರುಳೆ ಹಾಳೆಯನ್ನೆಳೆಯುವ ಈ ಕ್ರಮ ಅಪರಿಚಿತವಲ್ಲ. ಮುದ್ರಣಾಲಯದ ಹೈಡೆಲ್‌ಬರ್ಗ್ ಯಂತ್ರವು ಗಾಳಿಯನ್ನು ಹೀರಿ ಹಾಳೆಯನ್ನು ಎತ್ತಿಕೊಳ್ಳುತ್ತದೆ. ಅದು ಇನ್ನೂ ನಿರ್ದುಷ್ಟವಾದ ಉಪಾಯವಾದರೂ ಮೇಜಿನ ಮೇಲೆ ಪಂಪನ್ನಿಟ್ಟುಕೊಂಡು ಕಾಗದ ಬರೆಯಲಾಗದು.

ಸ್ಪ್ರಿಂಗಿನಲ್ಲಿ ಒಂದು ಮೂಲಭೂತವಾದ ದೋಷವುಂಟು. ಕಟ್ಟು ತುಂಬಿರುವಾಗ ಅದು ಬಹಳ ಕುಗ್ಗಿರುತ್ತದೆಯಾದ್ದರಿಂದ ಬಹಳ ಒತ್ತುತ್ತದೆ. ಕಟ್ಟು ತೀರುತ್ತ ಬಂದಂತೆ ಒತ್ತು ಸಡಿಲವಾಗುತ್ತದೆ. ತುಂಬಿದ ಪೆಟ್ಟಿಗೆ ಎರಡೆರಡು ಹಾಳೆಗಳನ್ನು ಉಗುಳುವುದಕ್ಕೂ, ಬರಿದಾಗುವ ಪೆಟ್ಟಿಗೆ ಕೊನೆಯ ಹಾಳೆಗಳನ್ನು ಬಿಟ್ಟುಕೊಡದಿರುವುದಕ್ಕೂ ಇದೇ ಕಾರಣ. ಇದಕ್ಕೆ ನಮ್ಮ ತೇವವನ್ನು ಸೇರಿಸಿ. ಹಾಳೆಯ ನಾರುಗಳು ನೀರನ್ನು ಹೀರಿ ಅಡ್ಡಕ್ಕೆ ಉಬ್ಬುತ್ತವೆ, ಹಾಳೆಯ ಬಿಗಿ ಸತ್ತು ಅದು ಕಮಾನಾಗಿ ಬಾಗುವ ಬದಲು ಮುದುರಿಕೊಳ್ಳುತ್ತದೆ, ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಉಪ್ಪುಗಾಳಿಗೆ ಉಕ್ಕಿನ ಸ್ಪ್ರಿಂಗು ಎರಡು ಮಳೆಗಾಲಗಳಲ್ಲಿ ತುಕ್ಕು ಹಿಡಿಯುತ್ತದೆ. ಒಣಹವೆಯ ಊರುಗಳಿಗಾಗಿ ಕಲ್ಪಿಸಿದ ಯಂತ್ರವನ್ನು ಹಾಗೆಯೇ ತಂದು ಅಳಿವೆಯ ದಂಡೆಯಲ್ಲಿಟ್ಟು, ಅದು ಕೆಲಸ ಮಾಡಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಪರಿಹಾರವನ್ನು ನಮ್ಮ ಹಿರಿಯರ ತೋಟದಲ್ಲಿಯೇ ಹುಡುಕಬಹುದು. ಬಾವಿಯ ಏತದ ಹಿಂದುಗಡೆಯ ಕಲ್ಲು ಕೊಡ ತುಂಬಿದಾಗಲೂ ಬರಿದಾದಾಗಲೂ ಒಂದೇ ಸಮನೆ ಎಳೆಯುವಂತೆ, ಹಾಳೆಯ ಹಲಗೆಯನ್ನು ಎತ್ತುವುದಕ್ಕೆ ಸ್ಪ್ರಿಂಗಿನ ಬದಲು ಪೆಟ್ಟಿಗೆಯ ಬೆನ್ನಿನಲ್ಲಿ ಹಿತ್ತಾಳೆಯ ಗುಂಡೊಂದನ್ನು ದಾರದಲ್ಲಿ ತೂಗಬಿಟ್ಟು, ದಾರವನ್ನು ಸಣ್ಣ ಗಡಗಡೆಯ ಮೇಲೆ ಹಾಯಿಸಿದರೆ, ಎತ್ತುವ ಬಲವು ಆದ್ಯಂತ ಏಕರೀತಿಯಾಗಿರುತ್ತದೆ. ಹಾಳೆಗಳು ತೀರಿದಂತೆ ಅವುಗಳ ತೂಕ ಕಡಿಮೆಯಾಗುವುದು ನಿಜ. ನೂರು ಸಣ್ಣ ಹಾಳೆಗಳ ತೂಕ ಕಾಲು ಕಿಲೊ ಮಾತ್ರವಾದ್ದರಿಂದ ಗುಂಡನ್ನು ಅದಕ್ಕಿಂತ ಸಾಕಷ್ಟು ಭಾರವಾಗಿ ಮಾಡಿಸಿದರೆ ಆ ವ್ಯತ್ಯಾಸ ಬಾಧಿಸದು. ಹಿತ್ತಾಳೆಗೆ ಕಿಲುಬು ಹಿಡಿದೀತು, ತುಕ್ಕು ಹಿಡಿಯದು; ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಕಿಲುಬೂ ಹೋಗುತ್ತದೆ. ನನ್ನ ಮೇಜಿನ ಮೇಲಿರುವ ಪೆಟ್ಟಿಗೆ ಈ ಬಗೆಯದು, ಊರಿನ ಆಚಾರಿಯೊಬ್ಬರು ಸಾಗವಾನಿಯಲ್ಲಿ ಮಾಡಿಕೊಟ್ಟದ್ದು.

ಪೆಟ್ಟಿಗೆಯ ಮೈಯೆಲ್ಲ ಮರವಾಗಿರಬೇಕೆಂಬುದೂ, ಹಾಳೆ ಹೊರಬರುವ ಸೀಳು ಮಾತ್ರ ಮರದ್ದಾಗಿರಬಾರದೆಂಬುದೂ ನನ್ನ ನಿಶ್ಚಿತವಾದ ಮತ. ಮರ ತಾನೇ ತೇವವನ್ನು ಹೀರಿ ಒಳಗಣ ಗಾಳಿಯನ್ನು ಒಂದು ಹದದಲ್ಲಿಡುತ್ತದೆ. ಆದರೆ ಅದೇ ಮರ ಉಬ್ಬಿದಾಗ, ಹಾಳೆಯ ಹತ್ತನೇ ಒಂದು ಮಿಲಿಮೀಟರಿನ ದಪ್ಪಕ್ಕೆ ಅಳೆದು ಕೊರೆದ ಸೀಳು ಮುಚ್ಚಿಹೋಗುತ್ತದೆ. ಆ ಸೀಳಿಗೆ ಬೇಕಲೈಟಿನ ಪಟ್ಟಿ ಯೋಗ್ಯ. 1907ರಲ್ಲಿ ಲಿಯೋ ಬೇಕಲಾಂಡನು ಕಂಡುಹಿಡಿದ ಈ ದ್ರವ್ಯವು ಸಾಗವಾನಿಯಂತೆ ಉಬ್ಬುವುದೂ ಇಲ್ಲ, ಕಬ್ಬಿಣದಂತೆ ತುಕ್ಕಾಗುವುದೂ ಇಲ್ಲ. ಇಲ್ಲಿ ಪ್ರಸಂಗವಶಾತ್ ಹೇಳಲೇಬೇಕಾದ ಮಾತೊಂದಿದೆ. ನಮ್ಮ ನೆರೆಯ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬೇಕಲೈಟ್ ಹೈಲಮ್ ಸಂಸ್ಥೆಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದುಕೊಂಡು, ಹನೇಹಳ್ಳಿಯನ್ನು ಕತೆಯಿಂದ ಕತೆಗೆ ಬರೆಯುತ್ತ ಹೋದರು. ಈ ಸೀಮೆಯ ಅಪ್ರತಿಮ ಕಥೆಗಾರರೊಬ್ಬರು ಹಗಲೆಲ್ಲ ಈ ದ್ರವ್ಯಗಳ ಸಹವಾಸದಲ್ಲಿದ್ದರೆಂಬುದನ್ನು ನೆನೆದಾಗ, ಸೀಳಿನ ಆ ಕಪ್ಪು ಪಟ್ಟಿಯ ಮೇಲೆ ನನಗೆ ವಿಶೇಷವಾದ ಪ್ರೀತಿ ಉಂಟಾಗುತ್ತದೆ.

ಹಾಳೆಯ ಆಯ್ಕೆಯಲ್ಲಿಯೂ ವಿವೇಕ ಬೇಕು. ನಮ್ಮ ಜಿಲ್ಲೆಯ ದಾಂಡೇಲಿಯಲ್ಲಿ ಕಾಳೀನದಿಯ ದಂಡೆಯ ಮೇಲೆ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯು ಮೊದಲು ಅಲ್ಲಿಯ ಕಾಡುಗಳ ಬಿದಿರನ್ನೇ ಅರೆದು ಕಾಗದ ಮಾಡಿದುದು. ಅಂಥ ಕಾರ್ಖಾನೆಗಳ ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಸಾಮಾನ್ಯವಾಗಿ ಸಿಗುವ ಎ4 ಹಾಳೆಯಲ್ಲಿ ಅವು ಉದ್ದಕ್ಕೆ ಹಾಯ್ದಿರುವುದರಿಂದ, ಅದನ್ನು ನಡುವೆ ಕತ್ತರಿಸಿ 148ಕ್ಕೆ 210 ಮಿಲಿಮೀಟರಿನ ಎ5 ಮಾಡಿದಾಗ, ನಾರು ಗಿಡ್ಡ ಬದಿಯ ದಿಕ್ಕಿಗೆ ಬರುತ್ತದೆ. ಇದು ಎರಡು ಬಗೆಯಲ್ಲಿ ಅನುಕೂಲ. ಹಾಳೆಯ ಉದ್ದಂಚು ಮೊದಲು ಹೊರಬರುವಂತೆ ಕಟ್ಟನ್ನಿಟ್ಟರೆ, ನಾರಿನ ಗುಂಟ ನೂಕಿದಂತಾಗಿ ಒದ್ದೆ ಹವೆಯಲ್ಲಿಯೂ ಹಾಳೆ ಸ್ವಲ್ಪ ಬಿಗಿ ಉಳಿಸಿಕೊಳ್ಳುತ್ತದೆ; ಬರೆದ ಮೇಲೆ ಅದನ್ನು ಒಂದೇ ಮಡಿಕೆಗೆ ಅರ್ಧಮಾಡಿದಾಗ ಮಡಿಕೆಯೂ ನಾರಿನ ಗುಂಟವೇ ಬಿದ್ದು ಗೆರೆ ಎಳೆದಂತೆ ಸ್ವಚ್ಛವಾಗಿರುತ್ತದೆ. ಹಾಗೆ ಮಡಿಸಿದ ಹಾಳೆ 114ಕ್ಕೆ 162ರ ಸಿ6 ಲಕೋಟೆಯಲ್ಲಿ ಸುಖವಾಗಿ ಕೂಡುತ್ತದೆ. ಚದರ ಮೀಟರಿಗೆ 80 ಗ್ರಾಮಿನ ಕಾಗದವಾದರೆ ಹಾಳೆಯೊಂದು ಎರಡೂವರೆ ಗ್ರಾಮು. ಲಕೋಟೆ ಮೂರೂವರೆಯಿಂದ ನಾಲ್ಕು. ಅಂಚೆಯ ಮೊದಲ ಮೆಟ್ಟಿಲಾದ 20 ಗ್ರಾಮಿನೊಳಗೆ ಆರು ಹಾಳೆಗಳನ್ನು ತುಂಬಿಸಬಹುದು. ಆರು ಹಾಳೆಗಳಲ್ಲಿ ಹೇಳಲಾಗದ ಸುದ್ದಿಗೆ ಸ್ವತಃ ಹೋಗುವುದೇ ಲೇಸು.

1950ರ ಅಕ್ಟೋಬರ್ 2ರಂದು ನಮ್ಮ ಅಂಚೆ ಇಲಾಖೆ ಹೊರಡಿಸಿದ ಇನ್‌ಲ್ಯಾಂಡ್ ಪತ್ರವು ಹಾಳೆಯನ್ನೂ ಲಕೋಟೆಯನ್ನೂ ಒಂದೇ ದೇಹವನ್ನಾಗಿ ಮಾಡಿ ಈ ಎಲ್ಲ ಯೋಜನೆಯನ್ನೂ ಅನಾವಶ್ಯಕಗೊಳಿಸಿತೆಂದು ಯಾರಾದರೂ ವಾದಿಸಿದರೆ ಅವರ ಮಾತಿನಲ್ಲಿ ಸತ್ಯವಿದೆ. ಆ ನೀಲಿ ಕಾಗದ ಈ ಕರಾವಳಿಯ ಎಷ್ಟು ತಾಯಂದಿರನ್ನು ಮುಂಬಯಿಯ ಮಕ್ಕಳೊಡನೆ ಮಾತನಾಡಿಸಿದೆಯೆಂಬುದನ್ನು ಬಲ್ಲ ನಾನು ಅದನ್ನು ಗೌರವಿಸುತ್ತೇನೆ. ಆದರೆ ಅದರಲ್ಲಿ ಜಾಗ ಮೊದಲೇ ಗೊತ್ತು. ಮಾತು ಜಾಗಕ್ಕೆ ತಕ್ಕಂತೆ ಕುಗ್ಗಿ, ಕೊನೆಯ ಸಾಲುಗಳು ಅಂಚಿನ ಸುತ್ತ ಇರುವೆಯ ಸಾಲಾಗಿ ಹರಿಯಬೇಕಾಗುತ್ತದೆ. ಪೆಟ್ಟಿಗೆಯಾದರೋ ಇನ್ನೊಂದು ಹಾಳೆಯನ್ನು ಕೊಡುತ್ತದೆ.

ಲಕೋಟೆಗಳನ್ನು ತುಂಬುವ ವಿಧಾನವನ್ನು ಹೇಳಿ ಮುಗಿಸುತ್ತೇನೆ, ಏಕೆಂದರೆ ಈ ಯಂತ್ರಗಳು ಹಾಳೆಗಿಂತ ಹೆಚ್ಚಾಗಿ ಲಕೋಟೆಯಲ್ಲಿಯೇ ಎಡವುತ್ತವೆ. ಲಕೋಟೆಯ ಮೈ ಎಲ್ಲೆಡೆ ಸಮದಪ್ಪವಲ್ಲ. ಬೆನ್ನಿನ ಜೋಡಣೆಗಳು ಬಂದಲ್ಲಿ ಒಂದೆರಡು ಪದರ ಹೆಚ್ಚು. ಐವತ್ತು ಲಕೋಟೆಗಳನ್ನು ಒಂದೇ ಮುಖವಾಗಿ ಪೇರಿಸಿದರೆ ಕಟ್ಟು ಒಂದು ಪಕ್ಕಕ್ಕೆ ಉಬ್ಬಿ ವಾಲುತ್ತದೆ, ಉರುಳೆ ಒಂದೇ ಮೂಲೆಯನ್ನು ಹಿಡಿದು ಲಕೋಟೆಯನ್ನು ಓರೆಯಾಗಿ ಎಳೆಯುತ್ತದೆ. ತಲೆಕೆಳಗು ಮಾಡಿ ಒಂದು ಬಿಟ್ಟು ಒಂದನ್ನು ಜೋಡಿಸಿದರೆ ಕಟ್ಟು ಸಮವಾಗುವುದಾದರೂ, ಬರುವಾಗ ಅರ್ಧ ಲಕೋಟೆಗಳು ತಲೆಕೆಳಗಾಗಿಯೇ ಬರುತ್ತವೆ. ಒಂದೇ ಮುಖವಾಗಿ ಪೇರಿಸಿ, ತಗ್ಗಿದ ಪಕ್ಕದ ಅಡಿಗೆ ರಟ್ಟಿನ ಸಣ್ಣ ಬೆಣೆಯನ್ನು ಕೊಡುವುದು ಉತ್ತಮ. ಅಂಟು ಬಳಿದ ನಾಲಗೆಯನ್ನು ಮಡಿಸದೆ ತೆರೆದೇ ಇಡಬೇಕು; ಮಳೆಗಾಲದಲ್ಲಿ ಪ್ರತಿ ನಾಲಗೆಯ ಕೆಳಗೂ ಮೇಣದ ಕಾಗದದ ತುಂಡೊಂದನ್ನು ಇಡುವ ತಾಳ್ಮೆಯುಳ್ಳವರು ಧನ್ಯರು. ಅದಿಲ್ಲದವರು ಜ್ಯೇಷ್ಠದಿಂದ ಭಾದ್ರಪದದವರೆಗೆ ಅಂಟಿಲ್ಲದ ಲಕೋಟೆಗಳನ್ನೇ ತರಿಸಿ, ಮೈದಾದ ಗೋಂದಿನ ಬಟ್ಟಲೊಂದನ್ನು ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುವುದು. ಗೋಂದಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಬೂಷ್ಟು ಹಿಡಿಯದು, ಆದರೆ ಅದು ವಿಷವಾದ್ದರಿಂದ ಬಟ್ಟಲನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು, ಲಕೋಟೆಯನ್ನು ನಾಲಗೆಗೆ ತಾಗಿಸಕೂಡದು.